ಬೆಯರ್ಝೊಟ್ ಕಾದದ್ದು ಸರಿಯೇ?

ಪಾವ್ಲೊ ರೊಸ್ಸಿ ಎಂದರೆ ಫುಟ್‌ಬಾಲ್ ಬಲ್ಲವರಿಗೆ ನೆನಪಾಗುವುದು ಒಂದೇ ಸಂಜೆ. 1982ರ ಜುಲೈ 5, ಬಾರ್ಸಿಲೋನಾದ ಸಾರಿಯಾ ಕ್ರೀಡಾಂಗಣ, ಬ್ರೆಜಿಲ್ ವಿರುದ್ಧ ಇಟಲಿಯ 3–2 ಗೆಲುವು, ಇಟಲಿಯ ಮೂರೂ ಗೋಲು ರೊಸ್ಸಿಯದೇ. ಎರಡು ವರ್ಷ ನಿಷೇಧಕ್ಕೆ ಗುರಿಯಾಗಿದ್ದ ಆಟಗಾರನೊಬ್ಬ ಛಲದಿಂದ ಮೇಲೆದ್ದು ಬಂದ ಕಥೆಯಾಗಿ ಅದನ್ನು ನಲವತ್ತು ವರ್ಷಗಳಿಂದ ಹೇಳಿಕೊಂಡು ಬರಲಾಗಿದೆ. ಕಥೆ ಸುಳ್ಳಲ್ಲ. ಆದರೆ ಅದರಲ್ಲಿ ಒಬ್ಬ ವ್ಯಕ್ತಿಯೂ ನಾಲ್ಕು ಪಂದ್ಯಗಳೂ ಬಿಟ್ಟುಹೋಗುತ್ತವೆ. ಆ ವ್ಯಕ್ತಿ ಇಟಲಿ ತಂಡದ ಕೋಚ್ ಎಂಝೊ ಬೆಯರ್ಝೊಟ್. ಆ ಪಂದ್ಯಗಳು, ಅದೇ ವಿಶ್ವಕಪ್‌ನಲ್ಲಿ ಜುಲೈ 5ಕ್ಕೆ ಮೊದಲು ರೊಸ್ಸಿ ಒಂದೂ ಗೋಲಿಲ್ಲದೆ ಆಡಿ ಮುಗಿಸಿದವು. ಎದ್ದು ಬಂದವನ ಛಲವನ್ನು ಹೊಗಳುವುದು ಸುಲಭ. ಅವನು ಏಳುವ ತನಕ ಅವನ ಜಾಗವನ್ನು ಹಿಡಿದಿಟ್ಟವರು ಯಾರು, ಯಾವ ಕಾರಣಕ್ಕೆ ಹಿಡಿದಿಟ್ಟರು, ಅದಕ್ಕಾಗಿ ಯಾರು ಹೊರಗುಳಿಯಬೇಕಾಯಿತು ಎಂದು ಕೇಳತೊಡಗಿದರೆ ಕಥೆ ಅಷ್ಟು ಸಲೀಸಾಗಿ ಸಾಗುವುದಿಲ್ಲ.

ರೊಸ್ಸಿ ಹುಟ್ಟಿದ್ದು 1956ರಲ್ಲಿ, ಟಸ್ಕನಿ ಪ್ರಾಂತ್ಯದ ಪ್ರಾತೊದಲ್ಲಿ. ಎಳೆಯ ವಯಸ್ಸಿನಲ್ಲೇ ಯುವೆಂಟಸ್ ಕ್ಲಬ್ ಸೇರಿದ. ಮೊಣಕಾಲು ಮತ್ತೆ ಮತ್ತೆ ಕೈಕೊಟ್ಟು ಶಸ್ತ್ರಚಿಕಿತ್ಸೆಗಳಾದವು. ಅಂಚಿನಲ್ಲಿ ಓಡುವ ವಿಂಗರ್ ಆಗಿದ್ದ ಈ ಸಣಕಲು ಹುಡುಗನನ್ನು ವಿಚೆಂಜಾ ತಂಡದ ಕೋಚ್ ಫಾಬ್ರಿ ಮೈದಾನದ ನಡುವಿಗೆ ತಂದು, ಗೋಲಿನ ಎದುರು ನಿಲ್ಲಿಸಿದರು. ಮೊದಲ ವರ್ಷ ಎರಡನೇ ದರ್ಜೆಯ ಲೀಗಿನಲ್ಲಿ 21 ಗೋಲು, ಮರುವರ್ಷ ಮೇಲಿನ ಲೀಗಿನಲ್ಲಿ 24. ಸಣ್ಣ ಊರಿನ ವಿಚೆಂಜಾ ಆ ವರ್ಷ ಇಟಲಿಗೇ ಎರಡನೆಯ ತಂಡವಾಯಿತು. 1978ರಲ್ಲಿ ಅವನ ಮೇಲಿನ ಅರ್ಧ ಹಕ್ಕಿಗಾಗಿ ಆ ಕ್ಲಬ್ ಸುಮಾರು 260 ಕೋಟಿ ಲೀರಾ ಬರೆದುಕೊಟ್ಟಾಗ ದೇಶವೇ ಬೆಚ್ಚಿಬಿತ್ತು. ಅದೇ ವರ್ಷ ಅರ್ಜೆಂಟೀನಾದಲ್ಲಿ ನಡೆದ ವಿಶ್ವಕಪ್‌ಗೆ ಬೆಯರ್ಝೊಟ್ ಇಪ್ಪತ್ತೊಂದರ ಈ ಹುಡುಗನನ್ನು ಕರೆದೊಯ್ದರು. ಅಲ್ಲಿ ಮೂರು ಗೋಲು ಹೊಡೆದ.

ಆಮೇಲಿನದು ಇಳಿಜಾರು. ವಿಚೆಂಜಾ ಕೆಳಗಿನ ದರ್ಜೆಗೆ ಬಿತ್ತು. ಎರವಲು ಆಟಗಾರನಾಗಿ ರೊಸ್ಸಿ ಪೆರೂಜಾಕ್ಕೆ ಹೋದ. 1979ರ ಡಿಸೆಂಬರ್ 30ರಂದು ಅವೆಲ್ಲಿನೊ ವಿರುದ್ಧ ಪೆರೂಜಾ ಆಡಿದ ಪಂದ್ಯ 2–2ರಲ್ಲಿ ಮುಗಿಯಿತು, ಪೆರೂಜಾದ ಎರಡೂ ಗೋಲು ರೊಸ್ಸಿಯದು. ಮುಂದಿನ ವರ್ಷ ಬಾಜಿ ಹಗರಣ ಹೊರಬಿದ್ದಾಗ ಈ ಪಂದ್ಯವೂ ಶಂಕಿತ ಪಂದ್ಯಗಳ ಪಟ್ಟಿಯಲ್ಲಿತ್ತು. ಹಗರಣ ಎಷ್ಟು ದೊಡ್ಡದೆಂದರೆ ಎಸಿ ಮಿಲಾನ್ ಮತ್ತು ಲಾಜಿಯೊದಂಥ ಕ್ಲಬ್‌ಗಳನ್ನು ಎರಡನೇ ದರ್ಜೆಗೆ ತಳ್ಳಲಾಯಿತು. ಪಂದ್ಯ ಮುಗಿಸಿ ಬಂದ ಆಟಗಾರರನ್ನು ಪೊಲೀಸರು ಕ್ರೀಡಾಂಗಣದಲ್ಲೇ ಬಂಧಿಸಿದರು. ರೊಸ್ಸಿಗೆ ಫುಟ್‌ಬಾಲ್ ಸಂಸ್ಥೆ ಮೂರು ವರ್ಷ ನಿಷೇಧ ಹೇರಿತು, ಮೇಲ್ಮನವಿಯಲ್ಲಿ ಅದು ಎರಡಕ್ಕಿಳಿಯಿತು. ತಾನು ಯಾವ ತಪ್ಪನ್ನೂ ಮಾಡಿಲ್ಲ ಎಂದು ಅವನು 2020ರಲ್ಲಿ ಸಾಯುವ ತನಕ ಹೇಳುತ್ತಲೇ ಇದ್ದ.

ಅವನು ನಿರಪರಾಧಿಯೇ ಎಂಬ ತೀರ್ಪನ್ನು ಇಲ್ಲಿ ಕೂತು ಕೊಡುವುದು ನನ್ನ ಕೆಲಸವಲ್ಲ. ಬಾಜಿಯ ಕಳಂಕ ಹೊತ್ತವನು ದೇಶದ ನೀಲಿ ಅಂಗಿ ತೊಡಬಾರದು ಎಂದು ಆಗ ವಾದಿಸಿದವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆಟವನ್ನು ಪ್ರೀತಿಸುವವರಿಗೆ, ಮೊದಲೇ ಮಾತಾಡಿಕೊಂಡು ಆಡಿದ ಪಂದ್ಯಕ್ಕಿಂತ ದೊಡ್ಡ ಅವಮಾನ ಬೇರೊಂದಿಲ್ಲ. ಆದರೂ ಆ ವಾದವನ್ನು ನಾನು ಒಪ್ಪಲಾರೆ. ಶಿಕ್ಷೆಗೊಂದು ಅವಧಿ ಇಟ್ಟ ಮೇಲೆ, ಆ ಅವಧಿ ಮುಗಿದ ಮರುದಿನ ಅವನು ಉಳಿದ ಆಟಗಾರರಂತೆಯೇ ಒಬ್ಬ ಆಟಗಾರ. ಎರಡು ವರ್ಷ ಎಂದು ಬರೆದು ಜೀವನಪರ್ಯಂತ ಜಾರಿ ಮಾಡುವುದು ನ್ಯಾಯವಲ್ಲ. ಹಾಗಾಗಿ 1982ರ ಮೇ ತಿಂಗಳಲ್ಲಿ ಕೇಳಬಹುದಾಗಿದ್ದ ಸರಿಯಾದ ಪ್ರಶ್ನೆ ಅವನ ಆಟಕ್ಕೆ ಸಂಬಂಧಿಸಿದ್ದು: ಈಗ ಅವನಿಗೆ ಆಡಲು ಬರುತ್ತದೆಯೇ?

ಆ ಪ್ರಶ್ನೆಗೆ ಅಂಕಿಗಳು ಕೊಡುತ್ತಿದ್ದ ಉತ್ತರ ಸ್ಪಷ್ಟವಾಗಿತ್ತು. ಎರಡು ವರ್ಷ ಒಂದೂ ಪಂದ್ಯವಿಲ್ಲ. ನಿಷೇಧ ಮುಗಿದ ಮೇಲೆ ಲೀಗಿನಲ್ಲಿ ಉಳಿದಿದ್ದದ್ದು ಮೂರೇ ಪಂದ್ಯ. ಅಷ್ಟರಲ್ಲಿ ಅವನನ್ನು ಕೊಂಡಿದ್ದ ಯುವೆಂಟಸ್ ಮೂರರಲ್ಲೂ ಆಡಿಸಿತು. ಉದಿನೆಸೆ ವಿರುದ್ಧ ಒಂದು ಗೋಲು ಬಂತು. ಇನ್ನೊಂದೆಡೆ ರೋಮಾ ತಂಡದ ರೊಬೆರ್ತೊ ಪ್ರುಝ್ಝೊ ಇದ್ದ. 1981ರಲ್ಲಿ 18 ಗೋಲು, 1982ರಲ್ಲಿ 15 ಗೋಲು ಹೊಡೆದು ಸತತ ಎರಡು ವರ್ಷ ಇಟಲಿ ಲೀಗಿನ ಅತಿ ಹೆಚ್ಚು ಗೋಲಿನ ಆಟಗಾರನಾದವನು. ಬೆಯರ್ಝೊಟ್ ಪ್ರುಝ್ಝೊನನ್ನು ಬಿಟ್ಟು ರೊಸ್ಸಿಯನ್ನು ಆರಿಸಿದರು. ಹೆಚ್ಚುವರಿ ಸ್ಟ್ರೈಕರ್ ಜಾಗಕ್ಕೂ ಪ್ರುಝ್ಝೊ ಬರಲಿಲ್ಲ, ಕಾಲ್ಯಾರಿ ಕ್ಲಬ್ಬಿನ ಸೆಲ್ವಾಜ್ಜಿ ಬಂದ. ಬೆಂಚಿನ ಮೇಲೆ ಪ್ರುಝ್ಝೊನಂಥವನು ಕೂತಿದ್ದರೆ, ರೊಸ್ಸಿ ತಪ್ಪಿದ ಪ್ರತಿ ಚೆಂಡಿಗೂ ಜನ ಅವನ ಹೆಸರು ಕೂಗುತ್ತಿದ್ದರು. ಆ ಒತ್ತಡ ಬೇಡವೆಂದೇ ಕೋಚ್ ಹಾಗೆ ಮಾಡಿದರೆಂದು ಅನೇಕರು ಬಗೆದರು. ನನಗೂ ಅದು ನಂಬುವಂಥ ಮಾತೇ.

ಇಷ್ಟು ಹೇಳಿದರೆ ಇದು ಕುರುಡು ಪಕ್ಷಪಾತವೆಂದೇ ತೋರುತ್ತದೆ. ಆದರೆ ಆ ಮೇ ತಿಂಗಳಲ್ಲಿ ಬೆಯರ್ಝೊಟ್ ಮುಂದಿದ್ದ ಉಳಿದ ಸಂಗತಿಗಳನ್ನೂ ನೋಡಬೇಕು. 1980ರಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್ ಇಟಲಿಯಲ್ಲೇ ನಡೆದಿತ್ತು. ರೊಸ್ಸಿ ಇಲ್ಲದ ಇಟಲಿ ತನ್ನ ನೆಲದಲ್ಲಿ, ತನ್ನ ಜನರ ಎದುರು ನಾಲ್ಕು ಪಂದ್ಯಗಳಲ್ಲಿ ಹೊಡೆದದ್ದು ಎರಡೇ ಗೋಲು. ರಕ್ಷಣೆಗೆ ಅಲ್ಲಿ ಕೊರತೆ ಇರಲಿಲ್ಲ. ಎದುರಾಳಿಯ ಪೆನಾಲ್ಟಿ ಪ್ರದೇಶದೊಳಗೆ ಚೆಂಡಿಗಿಂತ ಮೊದಲು ತಲುಪುವವನು ಇರಲಿಲ್ಲ. ಇನ್ನು, 1978ರಲ್ಲಿ ರೊಸ್ಸಿಯ ಜೊತೆಗಾರನಾಗಿದ್ದ ಬೆತ್ತೆಗಾ 1981ರ ನವೆಂಬರ್‌ನಲ್ಲಿ ಆಂಡರ್‌ಲೆಕ್ಟ್ ತಂಡದ ಗೋಲ್‌ಕೀಪರ್‌ಗೆ ಡಿಕ್ಕಿ ಹೊಡೆದು ಮೊಣಕಾಲಿಗೆ ತೀವ್ರ ಪೆಟ್ಟು ಮಾಡಿಕೊಂಡು ವಿಶ್ವಕಪ್‌ನಿಂದಲೇ ಹೊರಬಿದ್ದಿದ್ದ. ಮುಂಚೂಣಿಯ ಇಬ್ಬರಲ್ಲಿ ಒಬ್ಬ ಹೋದ ಮೇಲೆ ಇನ್ನೊಬ್ಬನನ್ನೂ ಕಳೆದುಕೊಳ್ಳುವುದು ಸಣ್ಣ ಮಾತಾಗಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕಾರಣವೊಂದಿತ್ತು, ಛಲದ ಕಥೆ ಹೇಳುವವರು ಅದನ್ನು ಸಾಮಾನ್ಯವಾಗಿ ಮರೆಯುತ್ತಾರೆ. ನಿಷೇಧದ ಅವಧಿಯಲ್ಲೇ, 1981ರಲ್ಲಿ, ಯುವೆಂಟಸ್ ರೊಸ್ಸಿಯನ್ನು ಕೊಂಡುಕೊಂಡಿತು. ಪಂದ್ಯ ಆಡುವಂತಿರಲಿಲ್ಲ, ಅಭ್ಯಾಸಕ್ಕೆ ಅಡ್ಡಿಯಿರಲಿಲ್ಲ. ಗೋಲ್‌ಕೀಪರ್ ಜೊಫ್, ರಕ್ಷಣೆಯಲ್ಲಿ ಜೆಂಟಿಲೆ, ಶಿರಿಯಾ, ಕಬ್ರಿನಿ, ನಡುಮೈದಾನದಲ್ಲಿ ತಾರ್ದೆಲ್ಲಿ, ಇವರೆಲ್ಲ ಯುವೆಂಟಸ್‌ನವರು, ಇವರೇ ಇಟಲಿ ತಂಡದ ಬೆನ್ನೆಲುಬು. ಅಂದರೆ ಲೋಕದ ಲೆಕ್ಕದಲ್ಲಿ ಮನೆಯಲ್ಲಿ ಕೂತಿದ್ದ ರೊಸ್ಸಿ ದಿನವೂ ರಾಷ್ಟ್ರೀಯ ತಂಡದ ಅರ್ಧದಷ್ಟು ಆಟಗಾರರ ಜೊತೆ ಚೆಂಡಾಡುತ್ತಿದ್ದ. ಕಬ್ರಿನಿಯ ಎಡಗಾಲಿನಿಂದ ಚೆಂಡು ಎಷ್ಟು ಹೊತ್ತಿಗೆ ಏಳುತ್ತದೆ, ಎಲ್ಲಿ ಬೀಳುತ್ತದೆ ಎಂಬುದು ಅವನಿಗೆ ಬಾಯಿಪಾಠವಾಗಿತ್ತು. ಲೀಗಿನ ಗೋಲುಪಟ್ಟಿಯಲ್ಲಿ ಮೇಲಿದ್ದ ಪ್ರುಝ್ಝೊಗೆ ಈ ಅನುಕೂಲ ಇರಲಿಲ್ಲ.

ಫಾರ್ಮ್ ಎಂದು ನಾವು ಕರೆಯುವುದು ಒಂದೇ ಗುಣವಲ್ಲ, ಹಲವು ಗುಣಗಳು ಸೇರಿ ಆದದ್ದು. ಎರಡು ವರ್ಷ ಪಂದ್ಯವಿಲ್ಲದಿದ್ದರೆ ಉಸಿರು ಹೋಗುತ್ತದೆ, ಕಾಲಿನ ಬಲ ಹೋಗುತ್ತದೆ, ಮೈಗೆ ಮೈ ತಾಗಿಸಿ ನಿಲ್ಲುವ ಧೈರ್ಯ ಕುಗ್ಗುತ್ತದೆ, ಒದೆಯುವ ಗಳಿಗೆ ಕೂದಲೆಳೆಯಷ್ಟು ತಪ್ಪುತ್ತದೆ. ಆದರೆ ಎದುರಾಳಿಯ ಕಣ್ಣು ಯಾವ ಕ್ಷಣದಲ್ಲಿ ಬೇರೆ ಕಡೆ ತಿರುಗುತ್ತದೆ, ಚೆಂಡು ಎಲ್ಲಿಗೆ ಬರಲಿದೆ ಎಂದು ಓದುವ ಬುದ್ಧಿ ಅಷ್ಟು ಬೇಗ ಹೋಗುವಂಥದ್ದಲ್ಲ. ರೊಸ್ಸಿಯ ಆಟ ಬಹುಪಾಲು ಈ ಎರಡನೆಯದರ ಮೇಲೆ ನಿಂತಿತ್ತು. ಅವನು ಬಲಶಾಲಿಯಲ್ಲ, ಎತ್ತರದವನಲ್ಲ, ದೂರದಿಂದ ಗುಂಡು ಹೊಡೆದಂತೆ ಒದೆಯುವವನೂ ಅಲ್ಲ. ಮೊದಲ ಬಗೆಯ ಗುಣಗಳು ಮರಳಬೇಕಾದರೆ ಮದ್ದು ಒಂದೇ, ಪಂದ್ಯ ಆಡುವುದು. ಅವನ್ನು ಮೊದಲು ತೋರಿಸು, ಆಮೇಲೆ ಆಡಿಸುತ್ತೇವೆ ಎನ್ನುವುದು, ಈಜು ಕಲಿಯುವ ತನಕ ನೀರಿಗಿಳಿಯಬೇಡ ಎಂದಂತೆ. ಬೆಯರ್ಝೊಟ್ ಹೂಡಿದ ಪಣ ಇಷ್ಟೇ: ಹೋಗದೆ ಉಳಿದದ್ದು ಈ ಆಟಗಾರನಲ್ಲಿ ಇದೆ, ಹೋದದ್ದು ನಾಲ್ಕೈದು ಪಂದ್ಯಗಳಲ್ಲಿ ಬರುತ್ತದೆ. ಆ ನಾಲ್ಕೈದು ಪಂದ್ಯಗಳು ವಿಶ್ವಕಪ್‌ನ ಪಂದ್ಯಗಳೇ ಆಗಿದ್ದದ್ದು ಇದರಲ್ಲಿನ ದೊಡ್ಡ ಅಪಾಯ.

ಅಪಾಯ ಎಷ್ಟು ದೊಡ್ಡದೆಂಬುದು ಇಟಲಿ ಮೊದಲ ಸುತ್ತು ಆಡಿದ ವಿಗೊ ನಗರದಲ್ಲಿ ಕಂಡಿತು. ಜೂನ್ 14ರಂದು ಪೋಲೆಂಡ್ ವಿರುದ್ಧ ಗೋಲಿಲ್ಲದ ಡ್ರಾ. 18ರಂದು ಪೆರು ವಿರುದ್ಧ 1–1. ರೊಸ್ಸಿಯ ಆಟ ಎಷ್ಟು ಸಪ್ಪೆಯಾಗಿತ್ತೆಂದರೆ ವಿರಾಮದ ನಂತರ ಅವನ ಬದಲು ಕೌಸಿಯೊ ಬಂದ. 23ರಂದು ಕ್ಯಾಮರೂನ್ ವಿರುದ್ಧ ಮತ್ತೆ 1–1. ಇಟಲಿಗೂ ಕ್ಯಾಮರೂನ್‌ಗೂ ಅಂಕ ಸಮ, ಎರಡೂ ಸೋತಿರಲಿಲ್ಲ. ಇಟಲಿ ಎರಡು ಗೋಲು ಹೊಡೆದಿತ್ತು, ಕ್ಯಾಮರೂನ್ ಒಂದು. ಆ ಒಂದೇ ಗೋಲಿನ ಅಂತರದಲ್ಲಿ ಇಟಲಿ ಮುಂದಿನ ಸುತ್ತಿಗೆ ದಾಟಿತು. ಪತ್ರಿಕೆಗಳು ರೊಸ್ಸಿಯ ಮೇಲೂ ಕೋಚ್ ಮೇಲೂ ಮುಗಿಬಿದ್ದವು. ಆಟದ ಟೀಕೆ ಸಾಲದೆ ಆಟಗಾರರ ಖಾಸಗಿ ಬದುಕಿನ ಬಗ್ಗೆ ಕೀಳು ಗಾಳಿಮಾತೂ ಹಬ್ಬಿತು. ತಂಡ ಪತ್ರಕರ್ತರ ಜೊತೆ ಮಾತು ಬಿಟ್ಟಿತು. ನಾಯಕ ಜೊಫ್ ಒಬ್ಬನೇ ಮಾತಾಡುತ್ತಿದ್ದ, ಅವನು ಮೊದಲೇ ಮಿತಭಾಷಿ.

ಆ ಟೀಕಾಕಾರರನ್ನು ಇವತ್ತು ಮೂರ್ಖರೆನ್ನುವುದು ಸರಿಯಲ್ಲ. ಗಾಳಿಮಾತು ಹಬ್ಬಿಸಿದವರನ್ನು ಬಿಟ್ಟು ಹೇಳುತ್ತಿದ್ದೇನೆ. ಕಣ್ಣೆದುರಿಗೆ ಇದ್ದದ್ದನ್ನೇ ಅವರು ಬರೆದರು. ರೊಸ್ಸಿ ಬಳಲಿದ್ದ, ಚೆಂಡು ಅವನ ಕಾಲಲ್ಲಿ ನಿಲ್ಲುತ್ತಿರಲಿಲ್ಲ.

ಎರಡನೇ ಸುತ್ತಿನಲ್ಲಿ ಅರ್ಜೆಂಟೀನಾ ವಿರುದ್ಧದ ಪಂದ್ಯವನ್ನು ಇಟಲಿ 2–1ರಿಂದ ಗೆದ್ದಿತು. ರೊಸ್ಸಿಗೆ ಅಲ್ಲೂ ಗೋಲಿಲ್ಲ. ಆದರೆ ಇಟಲಿಯ ಎರಡನೇ ಗೋಲು ಹುಟ್ಟಿದ ಬಗೆಯನ್ನು ನಿಧಾನವಾಗಿ ನೋಡಬೇಕು. ರಕ್ಷಣೆಯನ್ನು ಸೀಳಿಕೊಂಡು ರೊಸ್ಸಿ ಒಬ್ಬನೇ ಗೋಲ್‌ಕೀಪರ್ ಫಿಲ್ಲೋಲ್ ಎದುರು ಹೋದ. ಒದ್ದ, ಫಿಲ್ಲೋಲ್ ತಡೆದ. ತಡೆದ ಚೆಂಡು ಸಹಆಟಗಾರ ಕೊಂತಿಗೆ ಸಿಕ್ಕಿತು, ಅವನು ಹಿಂದಕ್ಕೆ ತಳ್ಳಿದ, ಓಡಿಬಂದ ಕಬ್ರಿನಿ ಎಡಗಾಲಲ್ಲಿ ಗೋಲಿನೊಳಕ್ಕೆ ಹೊಡೆದ. ಅಂಕಿಪಟ್ಟಿಯಲ್ಲಿ ಇದು ರೊಸ್ಸಿ ತಪ್ಪಿಸಿದ ಗೋಲು, ಕಬ್ರಿನಿ ಹೊಡೆದ ಗೋಲು. ಕೋಚ್ ಕಣ್ಣಿಗೆ ಇದು ಬೇರೆ ಸುದ್ದಿ: ಹುಡುಗ ಸರಿಯಾದ ಜಾಗಕ್ಕೆ ಸರಿಯಾದ ಹೊತ್ತಿಗೆ ತಲುಪುತ್ತಿದ್ದಾನೆ, ಕೊನೆಯ ಒದೆತ ಮಾತ್ರ ಬಾಕಿ. ವಿಗೊದಲ್ಲಿ ಅವನು ಅಲ್ಲಿಗೆ ತಲುಪುತ್ತಲೇ ಇರಲಿಲ್ಲ. ನಾಲ್ಕನೇ ಪಂದ್ಯದ ಹೊತ್ತಿಗೆ ಏನೋ ಮರಳಿತ್ತು, ಪಟ್ಟಿ ನೋಡುವವರಿಗೆ ಅದು ಕಾಣುತ್ತಿರಲಿಲ್ಲ.

ಬ್ರೆಜಿಲ್ ಪಂದ್ಯದ ಮೂರು ಗೋಲುಗಳಲ್ಲಿ ಮೊದಲನೆಯದು ಐದನೇ ನಿಮಿಷದ್ದು. ಕೊಂತಿ ಬಲಗಡೆಯಿಂದ ಚೆಂಡನ್ನು ಎಡಕ್ಕೆ ದಾಟಿಸಿದ, ಕಬ್ರಿನಿ ಅದನ್ನು ಗೋಲಿನ ಎದುರಿಗೆ ಎತ್ತಿಹಾಕಿದ. ರೊಸ್ಸಿಯ ಸುತ್ತ ಯಾರೂ ಇರಲಿಲ್ಲ. ಅವನು ಓಡಿಬಂದು ತಲೆಯಿಂದ ದೂಡಿದ. ಯುವೆಂಟಸ್ ಅಭ್ಯಾಸದ ಅಂಗಳದಲ್ಲಿ ಇದೇ ಜೋಡಿ ಇದನ್ನೇ ಎಷ್ಟು ಸಲ ಮಾಡಿರಬಹುದು ಎಂದು ಯೋಚಿಸಿ. ಸಾಕ್ರಟೀಸ್ ಸಮ ಮಾಡಿದ ಮೇಲೆ, 25ನೇ ನಿಮಿಷದಲ್ಲಿ ಬ್ರೆಜಿಲ್‌ನ ಸೆರೆಜೊ ತನ್ನದೇ ಭಾಗದಲ್ಲಿ ಚೆಂಡನ್ನು ಅಡ್ಡಲಾಗಿ ಸಹಆಟಗಾರರ ಕಡೆ ಬಿಟ್ಟ. ಅದು ನನ್ನದಲ್ಲ, ನಿನ್ನದು ಎಂದು ಅವರು ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ರೊಸ್ಸಿ ನಡುವೆ ನುಗ್ಗಿ ಚೆಂಡು ಕಸಿದು, ನಾಲ್ಕು ಹೆಜ್ಜೆ ಓಡಿ ಹೊಡೆದ. ಫಾಲ್ಕಾವೊ 68ನೇ ನಿಮಿಷದಲ್ಲಿ ಮತ್ತೆ ಸಮ ಮಾಡಿದ. ಸೆಮಿಫೈನಲ್ ತಲುಪಲು ಬ್ರೆಜಿಲ್‌ಗೆ ಡ್ರಾ ಸಾಕಿತ್ತು. 74ನೇ ನಿಮಿಷದಲ್ಲಿ ಇಟಲಿಗೆ ಕಾರ್ನರ್. ಅರೆಬರೆ ಹೊರಬಂದ ಚೆಂಡನ್ನು ತಾರ್ದೆಲ್ಲಿ ಗೋಲಿನತ್ತ ಒದ್ದ, ದಾರಿಯಲ್ಲಿ ನಿಂತಿದ್ದ ರೊಸ್ಸಿ ಅದಕ್ಕೆ ಕಾಲು ಕೊಟ್ಟು ದಿಕ್ಕು ತಿರುಗಿಸಿದ. ಬ್ರೆಜಿಲ್‌ನ ಜೂನಿಯರ್ ಗೋಲ್‌ಪೋಸ್ಟ್ ಬಳಿಯಲ್ಲೇ ನಿಂತು ಆಫ್‌ಸೈಡ್ ಎಂದು ಕೈಯೆತ್ತಿದ. ಅವನು ಅಲ್ಲಿ ನಿಂತಿದ್ದರಿಂದಲೇ ರೊಸ್ಸಿ ಆಫ್‌ಸೈಡ್ ಆಗಿರಲಿಲ್ಲ.

ಮೂರರಲ್ಲಿ ಒಂದಕ್ಕೂ ಅಸಾಧಾರಣ ಬಲ ಬೇಕಿರಲಿಲ್ಲ. ಬೇಕಿದ್ದದ್ದು ಬೇರೆಯವರಿಗಿಂತ ಅರೆಕ್ಷಣ ಮೊದಲೇ ತಿಳಿಯುವ ಗುಣ. ಎರಡು ವರ್ಷದ ನಿಷೇಧಕ್ಕೆ ಕಸಿಯಲಾಗದೆ ಹೋದ ಗುಣ ಅದೇ. ಆ ಪಂದ್ಯದಲ್ಲೂ ಅವನು ಗೋಲಿನ ಎದುರು ಒಳ್ಳೆಯ ಅವಕಾಶ ಹಾಳುಮಾಡಿದ ಎಂಬುದನ್ನು ಹೇಳಲೇಬೇಕು. ಫಾರ್ಮ್ ಮಿಂಚಿನಂತೆ ಒಮ್ಮೆಲೇ ಇಳಿದು ಬರಲಿಲ್ಲ. ಅದು ಇನ್ನೂ ಅರ್ಧ ದಾರಿಯಲ್ಲಿತ್ತು. ಸೆಮಿಫೈನಲ್‌ನಲ್ಲಿ ಪೋಲೆಂಡ್ ವಿರುದ್ಧ ಎರಡೂ ಗೋಲು, ಜುಲೈ 11ರ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿ ವಿರುದ್ಧ ಮೊದಲ ಗೋಲು. ಒಟ್ಟು ಆರು ಗೋಲು, ಅದೂ ಕೊನೆಯ ಮೂರೇ ಪಂದ್ಯಗಳಲ್ಲಿ. ಆ ವರ್ಷದ ಯುರೋಪಿನ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಅವನಿಗೇ ಬಂತು.

ಕೋಚ್ ಗೆದ್ದರು, ಆದ್ದರಿಂದ ಕೋಚ್ ಸರಿ ಎಂದು ಇಲ್ಲಿಗೆ ನಿಲ್ಲಿಸಿದರೆ ನಾವು ಕಲಿತದ್ದು ಏನೂ ಇಲ್ಲ. ಬ್ರೆಜಿಲ್ ಪಂದ್ಯದ ಕೊನೆಯ ಗಳಿಗೆಯಲ್ಲಿ ಆಸ್ಕರ್ ತಲೆಯಿಂದ ಹೊಡೆದ ಚೆಂಡನ್ನು ನಲವತ್ತರ ಜೊಫ್ ಗೋಲಿನ ಗೆರೆಯ ಮೇಲೆ ಅದುಮಿ ಹಿಡಿದ. ಕೈ ಜಾರಿದ್ದರೆ 3–3, ಇಟಲಿ ಮನೆಗೆ. ವಿಗೊದಲ್ಲಿ ಕ್ಯಾಮರೂನ್ ಇನ್ನೊಂದು ಗೋಲು ಹೊಡೆದಿದ್ದರೆ ಸಾರಿಯಾ ಎಂಬುದೇ ನಡೆಯುತ್ತಿರಲಿಲ್ಲ. ಆಗ ಇದೇ ಬೆಯರ್ಝೊಟ್ ಹಠಮಾರಿಯಾಗಿ, ಇದೇ ರೊಸ್ಸಿ ಪಕ್ಷಪಾತದ ಪುರಾವೆಯಾಗಿ ಉಳಿಯುತ್ತಿದ್ದರು. ಜೊಫ್‌ನ ಕೈಬೆರಳುಗಳಿಂದ ಕೋಚ್‌ನ ವಿವೇಕ ನಿರ್ಣಯವಾಗಬಾರದು. ಮೇ ತಿಂಗಳಲ್ಲಿ ಅವರ ಮುಂದಿದ್ದ ಕಾರಣಗಳು ಗಟ್ಟಿಯಾಗಿದ್ದವೇ ಎಂದು ನೋಡಬೇಕು. ಗಟ್ಟಿಯಾಗಿದ್ದವು ಎಂಬುದು ನನ್ನ ನಿಲುವು. ಇಟಲಿ ಮೊದಲ ಸುತ್ತಿನಲ್ಲೇ ಹೊರಬಿದ್ದಿದ್ದರೂ ನಾನು ಇದನ್ನೇ ಹೇಳಬೇಕಾಗುತ್ತಿತ್ತು, ಆದರೆ ಕೇಳುವವರು ಇರುತ್ತಿರಲಿಲ್ಲ.

ಇದೇ ಬೆಯರ್ಝೊಟ್ ಮುಂದೆ ಮಾಡಿದ್ದನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ವಿಶ್ವಕಪ್ ಗೆದ್ದ ಹುಡುಗರನ್ನು ಅವರು ಬಿಟ್ಟುಕೊಡಲಿಲ್ಲ. 1984ರ ಯುರೋಪಿಯನ್ ಚಾಂಪಿಯನ್‌ಷಿಪ್‌ನ ಅರ್ಹತಾ ಸುತ್ತಿನಲ್ಲಿ ವಿಶ್ವವಿಜೇತ ಇಟಲಿ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಒಂದನ್ನು, ಅದೂ ಸೈಪ್ರಸ್ ವಿರುದ್ಧ. 1986ರ ಮೆಕ್ಸಿಕೊ ವಿಶ್ವಕಪ್‌ಗೆ ರೊಸ್ಸಿಯನ್ನು ಮತ್ತೆ ಕರೆದೊಯ್ದರು; ಅವನು ಒಂದು ನಿಮಿಷವೂ ಆಡಲಿಲ್ಲ, ಫ್ರಾನ್ಸ್ ಎದುರು ಸೋತು ತಂಡ ಹಿಂದಿರುಗಿತು. ಮರುವರ್ಷ ಮೊಣಕಾಲು ಸಾಕೆನ್ನಿಸಿ ರೊಸ್ಸಿ ಆಟ ನಿಲ್ಲಿಸಿದ. 1982ರ ಕಾಯುವಿಕೆಗೆ ಕಾರಣಗಳಿದ್ದವು. ಆಮೇಲಿನದಕ್ಕೆ ಕೃತಜ್ಞತೆ ಮಾತ್ರ ಇತ್ತು. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ, ತಂಡ ಆರಿಸುವವರು ಎಡವುವುದು ಇಲ್ಲೇ.

ಕಾಯುವುದಕ್ಕೆ ಯಾರೋ ಒಬ್ಬರು ಬೆಲೆ ತೆರುತ್ತಾರೆ ಎಂಬುದನ್ನು ಕನ್ನಡದ ಓದುಗರಿಗೆ ವಿವರಿಸಬೇಕಿಲ್ಲ. 2016ರ ಡಿಸೆಂಬರ್‌ನಲ್ಲಿ ಚೆನ್ನೈ ಟೆಸ್ಟ್‌ನಲ್ಲಿ ನಮ್ಮ ಕರುಣ್ ನಾಯರ್ ಇಂಗ್ಲೆಂಡ್ ವಿರುದ್ಧ ಅಜೇಯ 303 ಹೊಡೆದ. ಮುಂದಿನ ಟೆಸ್ಟ್ ಹೈದರಾಬಾದ್‌ನಲ್ಲಿ. ಗಾಯದಿಂದ ಚೇತರಿಸಿಕೊಂಡ ಅಜಿಂಕ್ಯ ರಹಾನೆ ಮರಳಿದ, ಕರುಣ್ ಹೊರಗೆ. ಒಂದು ಪಂದ್ಯದ ಆಟ ಇನ್ನೊಬ್ಬನ ಎರಡು ವರ್ಷದ ದುಡಿಮೆಯನ್ನು ಅಳಿಸಲಾರದು ಎಂಬ ಅರ್ಥದಲ್ಲಿ ಆಗ ನಾಯಕ ವಿರಾಟ್ ಕೊಹ್ಲಿ ಸಮರ್ಥಿಸಿಕೊಂಡಿದ್ದರು. ನಮಗೆ ಸಂಕಟವಾಯಿತು, ಇವತ್ತಿಗೂ ಆಗುತ್ತದೆ. ಆದರೆ ತಣ್ಣಗೆ ಕೂತು ನೋಡಿದರೆ ಅದು ಬೆಯರ್ಝೊಟ್ ಕೊಡಬಹುದಾಗಿದ್ದ ಕಾರಣವೇ: ಗಾಯಗೊಂಡು ಹೊರಗಿದ್ದವನ ಜಾಗ ಅವನಿಗಾಗಿ ಕಾದಿರಬೇಕು. ರಹಾನೆಯ ಅಭಿಮಾನಿಗೆ ನ್ಯಾಯವಾಗಿ ಕಂಡದ್ದು ಬೆಂಗಳೂರಿನಲ್ಲಿ ಅನ್ಯಾಯವಾಗಿ ಕಂಡಿತು. ನನ್ನ ತಕರಾರು ಆ ಒಂದು ಆಯ್ಕೆಯ ಬಗ್ಗೆ ಅಲ್ಲ. ರಹಾನೆಗಾಗಿ ತೋರಿದ ತಾಳ್ಮೆಯ ಕಾಲು ಭಾಗವನ್ನೂ ಮುಂದೆ ಕರುಣ್‌ಗಾಗಿ ಯಾರೂ ತೋರಲಿಲ್ಲ ಎಂಬುದು ನನ್ನ ತಕರಾರು. 2018ರ ಇಂಗ್ಲೆಂಡ್ ಪ್ರವಾಸದಲ್ಲಿ ತಂಡದ ಜೊತೆಗಿದ್ದೂ ಒಂದು ಟೆಸ್ಟ್ ಸಿಗಲಿಲ್ಲ. ರಾಜ್ಯ ತಂಡದಲ್ಲೂ ಜಾಗ ಹೋಗಿ, ವಿದರ್ಭಕ್ಕೆ ಆಡಿ, ರನ್‌ಗಳ ರಾಶಿ ಹಾಕಿ 2025ರಲ್ಲಿ ಎಂಟು ವರ್ಷಗಳ ನಂತರ ಟೆಸ್ಟ್‌ಗೆ ಮರಳಿದ. ನಾಲ್ಕು ಟೆಸ್ಟ್, ಒಂದು ಅರ್ಧಶತಕ, ಮತ್ತೆ ಹೊರಗೆ. ಅಂದರೆ ರೊಸ್ಸಿಗೆ ಅರ್ಜೆಂಟೀನಾ ಪಂದ್ಯದ ಮರುದಿನ ಟಿಕೆಟ್ ಕೊಟ್ಟು ಕಳಿಸಿದಂತಾಯಿತು.

ಎಲ್ಲರಿಗೂ ಕಾಯುವುದು ಸಾಧ್ಯವಿಲ್ಲ, ಜಾಗ ಹನ್ನೊಂದೇ. ಆರಿಸುವವರಿಂದ ನಾವು ಕೇಳಬಹುದಾದದ್ದು ಫಲಿತಾಂಶದ ಭರವಸೆಯಲ್ಲ, ಕಾರಣ. ಇವನಲ್ಲಿ ಉಳಿದಿರುವುದು ಏನು, ಮರಳಬೇಕಾದದ್ದು ಏನು, ಅದಕ್ಕೆ ಎಷ್ಟು ಪಂದ್ಯ ಕೊಡುತ್ತೀರಿ, ಅದು ಬರುತ್ತಿದೆ ಎಂದು ಯಾವುದನ್ನು ನೋಡಿ ತಿಳಿಯುತ್ತೀರಿ? ಇವಕ್ಕೆ ಉತ್ತರ ಇಟ್ಟುಕೊಂಡೇ ಕಾದರೆ, ಸೋತಾಗಲೂ ಆ ನಿರ್ಧಾರಕ್ಕೊಂದು ಮರ್ಯಾದೆ ಇರುತ್ತದೆ. ಹೊರಗುಳಿದವನಿಗೂ ಆ ಕಾರಣವನ್ನು ಎದುರು ಕೂರಿಸಿ ಹೇಳಬೇಕು. ಪ್ರುಝ್ಝೊಗೆ ಯಾರಾದರೂ ಸರಿಯಾಗಿ ಹೇಳಬೇಕಿತ್ತು. ವಿಶ್ವಕಪ್ ಮುಗಿದ ಮರುವರ್ಷ ಅವನ ರೋಮಾ ಇಟಲಿಯ ಲೀಗ್ ಗೆದ್ದಿತು. 1984ರಲ್ಲಿ ರೋಮ್‌ನಲ್ಲೇ ನಡೆದ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಲಿವರ್‌ಪೂಲ್ ವಿರುದ್ಧ ಗೋಲು ಹೊಡೆದವನೂ ಅವನೇ. ತಂಡ ಪೆನಾಲ್ಟಿಯಲ್ಲಿ ಸೋತಿತು. 1986ರಲ್ಲಿ ಮೂರನೇ ಸಲ ಲೀಗಿನ ಅತಿ ಹೆಚ್ಚು ಗೋಲಿನವನಾದ. ದೇಶಕ್ಕಾಗಿ ಆಡಿದ್ದು ಒಟ್ಟು ಆರು ಪಂದ್ಯ, ವಿಶ್ವಕಪ್‌ನಲ್ಲಿ ಒಂದೂ ಇಲ್ಲ. ಬೆಯರ್ಝೊಟ್ ಮಾಡಿದ್ದು ಸರಿ ಎಂದು ನಾನು ವಾದಿಸಬಲ್ಲೆ, ಇಷ್ಟು ಹೊತ್ತು ವಾದಿಸಿದ್ದೇನೆ ಕೂಡ. ಆದರೆ ಪ್ರುಝ್ಝೊನ ಎದುರು ಕೂತು, ನಿನಗೆ ಅನ್ಯಾಯವಾಗಲಿಲ್ಲ ಎಂದು ಹೇಳಲು ನನ್ನಿಂದಾಗದು.